ಹೊಣೆ ಇಳಿದ ದಿನ

"ನಿಮ್ಮ ಜಮೀನು, ವ್ಯವಹಾರ ಇನ್ನು ನೀವೇ ನೋಡಿಕೊಳ್ಳುತ್ತೀರಾ?" ನ್ಯಾಯಾಧೀಶರು ನನ್ನನ್ನು ಬಿಟ್ಟು ನೇರವಾಗಿ ನನ್ನ ತಮ್ಮನನ್ನೇ ಕೇಳಿದರು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಅವನಿಗೆ ನಮ್ಮ ಗುರುತೇ ಸಿಗದಿದ್ದಾಗ, ಇದೇ ಕೋರ್ಟು ನನ್ನನ್ನು ಅವನ ಪಾಲಕಿಯಾಗಿ ನೇಮಿಸಿತ್ತು. ಈಗ ಅವನು ಗುಣವಾಗಿದ್ದರಿಂದ ಆ ಹೊಣೆಯಿಂದ ಬಿಡುಗಡೆ ಕೋರಿ ನಾನೇ ಅರ್ಜಿ ಹಾಕಿದ್ದೆ.

"ನೋಡ್ಕೊಂತೀನ್ರಿ ಸಾಹೇಬ್ರೆ. ತಪ್ಪಿದ್ರೆ ಬೈಯಾಕೆ ಅಕ್ಕ ಇದ್ದೇ ಇದಾಳೆ" ಎಂದ. ನ್ಯಾಯಾಧೀಶರು ನಕ್ಕರು. ವೈದ್ಯರ ವರದಿ ಓದಿ ನನ್ನನ್ನು ಹೊಣೆಯಿಂದ ಬಿಡುಗಡೆ ಮಾಡಿದರು.

ಬಸ್ ನಿಲ್ದಾಣದಲ್ಲಿ ಅಭ್ಯಾಸದಂತೆ ಅವನ ತೋಳು ಹಿಡಿಯಲು ಹೋದೆ. "ನೀನು ಜಗಳೂರಿಗೆ, ಮನೆಗೆ ಹೋಗಕ್ಕ. ನಾನು ಸವಳಂಗದಾಗೆ ಗೆಳೆಯನ್ನ ನೋಡ್ಕೊಂಡು ಬರ್ತೀನಿ" ಎನ್ನುತ್ತಾ ಬೇರೆ ಬಸ್ ಹತ್ತಿದ.

ಅಪಘಾತದ ನಂತರ ಅವನು ನನ್ನನ್ನು ಕೇಳದೆ ಹೊರಟಿದ್ದು ಅಂದೇ ಮೊದಲು. ಖುಷಿಯಾಯಿತು. ಆದರೂ ತಲುಪಿದೆ ಎಂದು ಅವನ ಫೋನ್ ಬರುವವರೆಗೆ ಮೊಬೈಲನ್ನು ಕೈಯಿಂದ ಕೆಳಗಿಡಲಿಲ್ಲ.