ಗೋಡೆಯ ಆಚೆ ಬದಿಯ ಕುಂಬಳದ ಎಲೆ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮಲ್ಲೇಶ್ವರದಲ್ಲಿ ಬಸ್ಸು ಹತ್ತಿದೆ. ಕೈಯಲ್ಲಿ ಅಗಲ ಬಾಯಿಯ ಥರ್ಮಾಸ್, ಅದರಲ್ಲಿ ಅರ್ಧದಷ್ಟು ಐಸು. ಬಸವನಗುಡಿಯಲ್ಲಿ ಅಮ್ಮನ ಗೆಳತಿ ಕಮಲತ್ತೆಯ ಹಿತ್ತಲಿನಿಂದ ರೋಗ ಹಿಡಿದ ಕುಂಬಳದ ಎಲೆ ತರಬೇಕಿತ್ತು. ನಾಲ್ಕು ತಿಂಗಳ ಹಿಂದೆ ಅಮ್ಮ ತಂದುಕೊಟ್ಟ ಅದೇ ಬಳ್ಳಿಯ ಎಲೆಯಿಂದ ವೈರಸ್ಸನ್ನು ಬೇರ್ಪಡಿಸಿ, ಅದರ ಆನುವಂಶಿಕ ಬರಹವನ್ನು ಅಕ್ಷರ ಅಕ್ಷರವಾಗಿ ಓದಲು ತೊಡಗಿದ್ದೆ. ಹಿಂದಿನ ವಾರ ಪ್ರಯೋಗಾಲಯದ ಗಿಡಗಳೆಲ್ಲ ಸತ್ತವು. ಈ ವೈರಸ್ಸು ಬೆಳೆಯುವುದು ಜೀವವಿರುವ ಗಿಡದಲ್ಲಿ ಮಾತ್ರ. ಅದೇ ಬಳ್ಳಿಯ ಎಲೆ ಸಿಗದಿದ್ದರೆ ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು.

ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸಿದೆ. ಅರ್ಧ ಗಂಟೆ ಕಾಯಬೇಕಾಯಿತು, ಬಿಸಿಲು ಹಿತವಾಗಿತ್ತು.

"ಏನಮ್ಮಾ, ಐಸ್‌ಕ್ಯಾಂಡಿ ವ್ಯಾಪಾರಾನಾ?" ಎಂದರು ಕಂಡಕ್ಟರ್.

"ಅಲ್ಲ, ಎಲೆ ತರೋದಕ್ಕೆ."

"ಮಾರ್ಕೆಟ್ಟಲ್ಲಿ ಹತ್ತಿ, ಸೊಪ್ಪಿಗೆ ಬಸವನಗುಡಿಗೆ ಹೋಗ್ತೀರಲ್ಲ!"

ಚಾಮರಾಜಪೇಟೆ ದಾಟುವವರೆಗೂ ಹಿಂದಿನ ಸೀಟಿನವರು ನಗುತ್ತಿದ್ದರು.

ಕಮಲತ್ತೆ ಉಪ್ಪಿಟ್ಟು, ಕಾಫಿ ಕೊಟ್ಟ ಮೇಲೆಯೇ ಹಿತ್ತಲಿಗೆ ಕರೆದೊಯ್ದರು. ಚಪ್ಪರದ ಮೇಲೆ ಒಂದೇ ಒಂದು ಹಳದಿ ಎಲೆ ಇರಲಿಲ್ಲ.

"ನೀನು ಬಳ್ಳಿ ನೋಡೋಕೆ ಬರ್ತೀಯ ಅಂತ ನಿಮ್ಮಮ್ಮ ಹೇಳಿದ್ಲು. ಬೆಳಿಗ್ಗೇನೇ ಕೆಟ್ಟ ಎಲೆ ಎಲ್ಲಾ ಕಿತ್ತುಬಿಟ್ಟೆ. ಮನೆಗೆ ಬಂದೋರಿಗೆ ಅಂಥದ್ದು ತೋರ್ಸೋಕಾಗತ್ತಾ?"

"ಕಿತ್ತಿದ್ದು ಎಲ್ಲಿದೆ ಅತ್ತೆ?"

"ಹಸು ತಿಂತು."

ಚಪ್ಪರದ ಸುತ್ತ ಒಂದು ಸುತ್ತು ಬಂದೆ. ಬಳ್ಳಿಯ ಒಂದು ಕವಲು ಕಾಂಪೌಂಡ್ ಗೋಡೆ ಹತ್ತಿ ಆಚೆಗೆ ಇಳಿದಿರುವುದು ಆಗ ಕಣ್ಣಿಗೆ ಬಿತ್ತು. ಅತ್ತ ಬೆರಳು ತೋರಿಸಿದೆ. ಕಮಲತ್ತೆ ದನಿ ತಗ್ಗಿಸಿದರು. "ಅದು ದಾಟಿದ್ದಕ್ಕೇ ಪಕ್ಕದ ಮನೆಯೋರ ಜೊತೆ ಜಗಳ. ಮೂರು ತಿಂಗಳಿಂದ ಮಾತಿಲ್ಲ."

ನನಗೆ ಬೇಕಾದದ್ದು ಕೆಟ್ಟ ಎಲೆಯೇ ಎಂದು ಆಗ ಬಿಡಿಸಿ ಹೇಳಿದೆ. ಅವರು ನನ್ನ ಥರ್ಮಾಸನ್ನು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ಒಗೆಯುವ ಕಲ್ಲು ಹತ್ತಿದರು.

"ಸಾವಿತ್ರಮ್ಮನೋರೇ, ನಮ್ ಹುಡುಗಿಗೆ ನಾಲ್ಕು ಎಲೆ ಬೇಕಂತೆ."

"ಓಹೋ, ಬಾಯಿ ಬಂತಾ?" ಎಂದಿತು ಆಚೆಯ ದನಿ. "ಕಳ್ಸಿ. ನಿಮ್ಮ ಬಳ್ಳೀನ ನಾನೇನು ಮುಟ್ಟಿಲ್ಲ."

ಪಕ್ಕದ ಮನೆಗೆ ಹೋಗಿ ನೋಡಿದೆ. ಮುಟ್ಟದೆ ಇದ್ದುದರಿಂದಲೇ ಅಲ್ಲಿ ಎಲ್ಲವೂ ಉಳಿದಿತ್ತು. ಹಳದಿ ಹಸಿರು ತೇಪೆಗಳ ಸುಕ್ಕುಗಟ್ಟಿದ ಎಲೆಗಳು. ಎಳೆಯ ಎಂಟನ್ನು ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸಿನ ಮೇಲೆ ಇಟ್ಟೆ.

ಹೊರಡುವ ಮುನ್ನ ಈಚೆಗೆ ಬಂದು ಕಮಲತ್ತೆಗೆ ನಿಜ ಹೇಳಬೇಕಾಯಿತು. ಈ ರೋಗಕ್ಕೆ ಮದ್ದಿಲ್ಲ, ಎಲೆಯ ರಸ ಹೀರುವ ಗಿಡಹೇನುಗಳು ಇದನ್ನು ಬೇರೆ ಗಿಡಕ್ಕೂ ಹರಡುತ್ತವೆ, ಬಳ್ಳಿ ಕಿತ್ತರೆ ಒಳ್ಳೆಯದು. ಕಮಲತ್ತೆ ಬಳ್ಳಿಯ ಬುಡಕ್ಕೆ ಕೈ ಹಾಕಿದರು.

"ಈಗ್ಲೇ ಕೀಳ್ಬೇಡಿ ರೀ," ಎಂದರು ಆಚೆಯಿಂದ ಸಾವಿತ್ರಮ್ಮ. "ನನ್ ಕಡೆ ಒಂದು ಕಾಯಿ ಕೂತಿದೆ. ಬಲೀಲಿ."

"ಬಲಿತ ಮೇಲೆ ಅದು ಯಾರ್ದು?"

ನಾನು ಗೇಟು ದಾಟಿದ ಮೇಲೂ ಇಬ್ಬರ ದನಿ ಕೇಳುತ್ತಿತ್ತು.

ಮಲ್ಲೇಶ್ವರದಲ್ಲಿ ಇಳಿದು ಥರ್ಮಾಸ್ ಅಲ್ಲಾಡಿಸಿದೆ. ಐಸಿನ ಸದ್ದು ಇನ್ನೂ ಇತ್ತು. ಸಂಜೆಯೊಳಗೆ ಎಲೆಯ ರಸವನ್ನು ಪ್ರಯೋಗಾಲಯದ ಹೊಸ ಸಸಿಗಳಿಗೆ ಉಜ್ಜಿ ಮುಗಿಸಿದೆ. ಎಲೆ ಸಿಕ್ಕ ಜಾಗವನ್ನು ಚೀಟಿಯಲ್ಲಿ ನಮೂದಿಸುವುದು ನಿಯಮ. 'ಬಸವನಗುಡಿ, ಗೋಡೆಯ ಆಚೆ ಬದಿ' ಎಂದು ಬರೆದು ಅಂಟಿಸಿದೆ.