ಮೂರ್ನಾಡಿಗೂ ಗಾಳಿಬೀಡಿಗೂ ತಿರುಗಿದ ಕಾರ್ಡುಗಳು

ಅಂದು ಬೆಳಗಿನಿಂದ ಮಾಡಿದ ಕೆಲಸ ಇಷ್ಟು: ಒಲೆ ಹೊತ್ತಿಸಿದ್ದು, ಹಾಲು ಕರೆದದ್ದು, ಕಡುಬಿಗೆ ಅಕ್ಕಿ ತರಿ ಒಡೆದಿಟ್ಟದ್ದು, ಅಂಗಳದಲ್ಲಿ ಹರಡಿದ್ದ ಕಾಳುಮೆಣಸಿಗೆ ಎರಡು ಸಲ ಕೈಯಾಡಿಸಿದ್ದು, ಸೈಕ್ಲೋಸ್ಟೈಲ್ ಯಂತ್ರದ ರೋಲರನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ್ದು, ಹನ್ನೆರಡು ಲಕೋಟೆಗಳ ಮೇಲಿದ್ದ ‘ಕೊಡಗು ರಾಜ್ಯ’ ಹೊಡೆದು ‘ಮೈಸೂರು ರಾಜ್ಯ’ ಎಂದು ಬರೆದದ್ದು, ಅಂಚೆಮನೆಗೆ ಹೋಗಿ ಬರಿಗೈಯಲ್ಲಿ ಬಂದದ್ದು. ಆ ಕೊನೆಯ ಕೆಲಸವನ್ನು ಹತ್ತು ದಿನದಿಂದ ತಪ್ಪದೆ ಮಾಡುತ್ತಿದ್ದೆ.

ನಮ್ಮ ಮಹಿಳಾ ಸಮಾಜದ ಕಾರ್ಯದರ್ಶಿ ಕೆಲಸ, ಕೊಡಗು ಮೈಸೂರಿಗೆ ಸೇರಿದ ಆ ವರ್ಷ, ಮೂರ್ನಾಡಿನ ನನ್ನ ಓರಗಿತ್ತಿಯಿಂದ ನನಗೆ ಬಂದಿತ್ತು. ಅದರ ಹಿಂದೆಯೇ ಯಂತ್ರವೂ ಹಳೆಯ ಲಕೋಟೆಗಳ ಕಟ್ಟೂ ಗಾಳಿಬೀಡಿನ ನಮ್ಮ ಜಗಲಿಗೆ ಬಂದು ಕುಳಿತವು. ಸಮಾಜದ ನಲವತ್ತು ಸದಸ್ಯೆಯರು ಹತ್ತಾರು ಊರುಗಳಲ್ಲಿ ಚೆದುರಿದ್ದರು. ಯಾರಿಗೆ ಏನು ಹೇಳಬೇಕಿದ್ದರೂ ಕಾರ್ಯದರ್ಶಿಗೆ ಒಂದು ಕಾರ್ಡು ಬರೆಯುವುದು, ಕಾರ್ಯದರ್ಶಿ ಅದನ್ನೆಲ್ಲ ಸ್ಟೆನ್ಸಿಲ್ ಹಾಳೆಯ ಮೇಲೆ ಕೊರೆದು, ನಲವತ್ತು ಪ್ರತಿ ತೆಗೆದು ಎಲ್ಲರಿಗೂ ಕಳಿಸುವುದು, ಇದು ಪದ್ಧತಿ. ಒಬ್ಬಳು ಕೆಮ್ಮಿಗೆ ಮದ್ದು ಕೇಳಿದರೆ ಮುಂದಿನ ತಿಂಗಳ ಸುತ್ತೋಲೆಯಲ್ಲಿ ಒಂಬತ್ತು ಮದ್ದು ಇರುತ್ತಿದ್ದವು.

ಸುತ್ತೋಲೆಯ ತಲೆಯಲ್ಲಿ ‘ಈ ವಿಳಾಸಕ್ಕೆ ಬರೆಯಿರಿ’ ಎಂದು ಒಂದು ಸಾಲು. ಆ ಒಂದು ಸಾಲಿಗೆ ನಾನು ಮೂರು ಹಾಳೆ ಹಾಳು ಮಾಡಿದೆ. ಮೊದಲು ಗಾಳಿಬೀಡು ಎಂದೇ ಕೊರೆದಿದ್ದೆ. ಯಂತ್ರದ ಜೊತೆ ಬಂದಿದ್ದ ಓರಗಿತ್ತಿ ನೋಡಿ ಬಿಡಲಿಲ್ಲ.

“ಹತ್ತು ವರ್ಷದಿಂದ ಎಲ್ರಿಗೂ ಮೂರ್ನಾಡು ಬಾಯಿಪಾಠ ಆಗಿದೆ. ನೀನು ಊರು ಬದಲಾಯಿಸಿದ್ರೂ ಅರ್ಧ ಜನ ಹಳೇದಕ್ಕೇ ಬರೀತಾರೆ. ತಲೆ ಮೇಲೆ ಮೂರ್ನಾಡೇ ಇರ್ಲಿ. ಬಂದದ್ದನ್ನ ನಿನ್ನ ಹೆಸರಿಗೆ ಇಲ್ಲಿಗೆ ಕಳ್ಸಿ ಅಂತ ನಾನು ಅಲ್ಲಿ ಪೋಸ್ಟಾಫೀಸಿಗೆ ಚೀಟಿ ಕೊಡ್ತೀನಿ.”

ಅವರಿಗೂ ನಮಗೂ ಮನೆ ಹೆಸರು ಒಂದೇ, ಊರಷ್ಟೇ ಬೇರೆ. ಸರಿ ಎಂದೆ. ಹಾಗೆ ಮೊದಲ ಸುತ್ತೋಲೆ ಹೊರಟಿತು. ಅದರಲ್ಲಿ ಮುಖ್ಯವಾದ ಸುದ್ದಿ ಒಂದೇ: ಮಡಿಕೇರಿಯ ಹೊಲಿಗೆ ತರಗತಿಯಲ್ಲಿ ಸಮಾಜಕ್ಕೆ ಒಂದು ಜಾಗ ಸಿಕ್ಕಿದೆ, ಬೇಕಾದವರು ಸ್ವಂತ ಕೈಯಿಂದ ಕಾರ್ಡು ಬರೆಯಬೇಕು, ಅಂಚೆ ಮೊಹರಿನ ದಿನ ನೋಡಿ ಮೊದಲು ಬರೆದವರಿಗೆ ಜಾಗ, ಎರಡು ವಾರ ಗಡುವು. ಯಾರೂ ಕಾರ್ಡು ಬರೆಯದಿದ್ದರೆ ಆ ಜಾಗ ಬೇರೆ ಸಮಾಜಕ್ಕೆ.

ನಮ್ಮ ಗದ್ದೆಯಿಂದ ಕೆಳಗಿನ ಮನೆಯಲ್ಲಿ ಒಬ್ಬಳು ಇದ್ದಳು. ಸಮಾಜದ ಮಧ್ಯಾಹ್ನದ ಪಾಠದಲ್ಲಿ, ನನ್ನ ಜಗಲಿಯಲ್ಲೇ, ಮೂವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಸುತ್ತಲಿನವರ ರವಿಕೆಗಳನ್ನೆಲ್ಲ ಕೈಯಲ್ಲೇ ಹೊಲಿಯುತ್ತಿದ್ದಳು. ಆ ಜಾಗಕ್ಕಾಗಿ ಅವಳು ಜನ್ಮದಲ್ಲೇ ಮೊದಲ ಕಾರ್ಡು ಬರೆದಳು. ಬರೆದದ್ದನ್ನು ನನಗೂ ತೋರಿಸದೆ ಡಬ್ಬಿಗೆ ಹಾಕಿದಳು.

ಅದಾಗಿ ಹತ್ತು ದಿನ. ಅವಳದಿರಲಿ, ನಲವತ್ತು ಜನರಲ್ಲಿ ಒಬ್ಬರದೂ ಬರಲಿಲ್ಲ. ದಿನವೂ ಅಂಚೆಮನೆಯ ಕಿಟಕಿಯಲ್ಲಿ ನಿಲ್ಲುವುದು, “ನಂಗೆ ಕಾಗದ ಬಂದಿದ್ಯಾ?” ಎನ್ನುವುದು, “ನಿಮಗೆ ಏನೂ ಇಲ್ಲ ಅಕ್ಕ” ಎಂದು ಪೋಸ್ಟ್ ಮಾಸ್ಟರು ತಲೆ ಎತ್ತದೆ ಹೇಳುವುದು.

ಅಂದು ಬರಿಗೈಯಲ್ಲಿ ಹಿಂದಿರುಗಿದಾಗ ಕೆಳಮನೆಯವಳು ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಸ್ಲೇಟು, ತೊಳೆದು ಒರೆಸಿದ್ದು.

“ಇವತ್ತೂ ಇಲ್ಲ ಅಲ್ವಾ ಅಕ್ಕ?”

“ಇಲ್ಲ ಕಣೇ. ಯಾರ್ದೂ ಬಂದಿಲ್ಲ.”

“ನಂಗೆ ಬೇಜಾರಾಗ್ಬಾರ್ದು ಅಂತ ಹಾಗೆ ಹೇಳ್ತೀರಿ. ಓದೋಕಾಗ್ದೆ ಪೋಸ್ಟಿನವರು ಬಿಸಾಕಿರ್ತಾರೆ. ಕೋಳಿ ಕೆದಕಿದ ಹಾಗೆ ಬರೀತೀಯ ಅಂತ ನಮ್ಮನೆಯವರು ಮೊದ್ಲೇ ಹೇಳಿದ್ರು.” ಸ್ಲೇಟನ್ನು ನನ್ನ ಕಡೆ ಸರಿಸಿದಳು. “ಇದನ್ನ ಬೇರೆ ಯಾರಿಗಾದ್ರೂ ಕೊಡಿ. ನಾನು ಇನ್ನು ಬರಲ್ಲ.”

ಹೋಗಿಬಿಟ್ಟಳು. ಕರೆದರೂ ತಿರುಗಲಿಲ್ಲ. ಒಂದು ವರ್ಷ ಕೈ ಹಿಡಿದು ತಿದ್ದಿಸಿದ್ದು ಹೀಗೆ ಜಗಲಿಯ ಮೇಲೆ ಬಂದು ಬಿದ್ದದ್ದನ್ನು ನೋಡಿ ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಿರಲಿಲ್ಲ. ಮೆಣಸು ನೋಡಿಕೊಳ್ಳಲು ಮನೆಯವರಿಗೆ ಹೇಳಿ ಮಡಿಕೇರಿ ಬಸ್ಸು ಹತ್ತಿದೆ, ಅಲ್ಲಿಂದ ಮೂರ್ನಾಡಿಗೆ ಇನ್ನೊಂದು.

ಮೂರ್ನಾಡಿನ ಪೋಸ್ಟ್ ಮಾಸ್ಟರು ನನ್ನನ್ನು ಕಂಡದ್ದೇ ನಿಟ್ಟುಸಿರು ಬಿಟ್ಟರು.

“ಅಂತೂ ಬಂದ್ರಲ್ಲ ತಾಯಿ! ನಾನು ಗಾಳಿಬೀಡಿಗೆ ಕಳಿಸ್ತೀನಿ, ಎರಡು ದಿನಕ್ಕೆ ವಾಪಸ್ ಬರ್ತಾವೆ. ಮತ್ತೆ ಕಳಿಸ್ತೀನಿ, ಮತ್ತೆ ಬರ್ತಾವೆ. ನಿಮಗೂ ನಿಮ್ಮ ಓರಗಿತ್ತಿಗೂ ಏನೋ ಮನಸ್ತಾಪ, ಅವರು ಕಳಿಸಿದ್ದು ನಿಮಗೆ ಬೇಡ ಅಂತ ತಿಳ್ಕೊಂಡೆ.”

ಹುರಿಯಲ್ಲಿ ಕಟ್ಟಿದ ಕಾರ್ಡುಗಳ ಕಂತೆಯನ್ನು ಮುಂದಿಟ್ಟರು. ಒಂದೊಂದು ಕಾರ್ಡಿನ ಮೇಲೂ ಮೊಹರಿನ ಮೇಲೆ ಮೊಹರು. ಮೂರ್ನಾಡು ಹೊಡೆದು ಗಾಳಿಬೀಡು, ಗಾಳಿಬೀಡು ಹೊಡೆದು ಮೂರ್ನಾಡು, ಒಂದು ಕಡೆಯದು ಕೆಂಪು ಶಾಯಿ, ಇನ್ನೊಂದು ಕಡೆಯದು ನೀಲಿ. ಕೆಲವದರಲ್ಲಿ ಬರೆಯಲು ಇನ್ನು ಜಾಗವೇ ಇರಲಿಲ್ಲ. ನೀಲಿ ಶಾಯಿಯಲ್ಲಿ ಒಂದೇ ಒಕ್ಕಣೆ: ‘ಚೀಟಿಯ ಪ್ರಕಾರ ಮೂರ್ನಾಡಿಗೆ’.

ಯಾವ ಚೀಟಿ? ಓರಗಿತ್ತಿಯ ಚೀಟಿ ಇದ್ದದ್ದು ಮೂರ್ನಾಡಿನಲ್ಲಿ. ಗಾಳಿಬೀಡಿನಲ್ಲಿ ಯಾರು ಕೊಟ್ಟರು?

ಕಂತೆ ಹಿಡಿದು ಹಿಂದಿರುಗುವ ಬಸ್ಸು ಮೇಕೇರಿ ದಾಟುವಾಗ ನೆನಪಾಯಿತು. ಮೂರು ವರ್ಷದ ಹಿಂದೆ ಅತ್ತೆ ಮೂರ್ನಾಡಿನ ಮನೆಯಲ್ಲಿ ಹಾಸಿಗೆ ಹಿಡಿದಾಗ ನಾಲ್ಕು ತಿಂಗಳು ನಾನು ಅಲ್ಲೇ ಇದ್ದೆ. ನನ್ನ ಹೆಸರಿಗೆ ಬಂದದ್ದನ್ನು ಅಲ್ಲಿಗೆ ಕಳಿಸಿ ಎಂದು ಗಾಳಿಬೀಡಿನ ಅಂಚೆಮನೆಗೆ ಚೀಟಿ ಕೊಟ್ಟು ಹೋಗಿದ್ದೆ. ತಿರುಗಿ ಬಂದ ಮೇಲೆ ರದ್ದು ಮಾಡಿಸಲಿಲ್ಲ. ಗೊತ್ತಾಗುವುದಾದರೂ ಹೇಗೆ? ಮನೆಗೆ ಬರುವ ಕಾಗದವೆಲ್ಲ ಗಂಡನ ಹೆಸರಿಗೆ, ಓರಗಿತ್ತಿ ಕಳಿಸುತ್ತಿದ್ದ ಸುತ್ತೋಲೆ ಕೂಡ. ಮೂರು ವರ್ಷದಲ್ಲಿ ನನ್ನ ಹೆಸರಿಗೆಂದು ಯಾರೂ ಒಂದು ಸಾಲು ಬರೆದಿರಲಿಲ್ಲ.

ಗಾಳಿಬೀಡಿನಲ್ಲಿ ಇಳಿದವಳೇ ಅಂಚೆಮನೆಗೆ ನಡೆದೆ. ಪೋಸ್ಟ್ ಮಾಸ್ಟರು ಬಾಗಿಲು ಹಾಕುತ್ತಿದ್ದರು.

“ಹತ್ತು ದಿನ ನಿಮ್ಮ ಮುಂದೆ ನಿಂತು ಕೇಳಿದ್ನಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ?”

“ನಿಮಗೆ ಬಂದಿದ್ಯಾ ಅಂತ ಕೇಳಿದ್ರಿ. ಬಂದದ್ದು ಮೂರ್ನಾಡಿನಲ್ಲಿರೋ ನಿಮಗೆ. ನೀವು ಅಲ್ಲಿದ್ದೀರಿ ಅಂತ ಚೀಟಿ ಇದೆ.”

“ನಾನು ಇಲ್ಲೇ ನಿಂತಿದ್ದೀನಲ್ಲ ಮಾರಾಯ್ರೆ!”

“ಅದು ನಂಗೂ ಕಾಣ್ತದೆ. ಆದ್ರೆ ಒಂದು ಚೀಟಿ ರದ್ದಾಗ್ಬೇಕಾದ್ರೆ ಇನ್ನೊಂದು ಚೀಟಿ ಬೇಕಲ್ಲ ಅಕ್ಕ.”

ಮೊಳೆಗೆ ಚುಚ್ಚಿದ್ದ ಕಾಗದಗಳ ಅಡಿಯಿಂದ ಅದನ್ನು ಎಳೆದು ಕೊಟ್ಟರು. ನನ್ನದೇ ಅಕ್ಷರ, ನನ್ನದೇ ರುಜು. ಅವರ ಲೇಖನಿಯಿಂದಲೇ ಹೊಸ ಚೀಟಿ ಬರೆದುಕೊಟ್ಟೆ: ನಾನು ಗಾಳಿಬೀಡಿನಲ್ಲಿ ಇದ್ದೇನೆ.

ಮನೆಗೆ ಹೋಗುವ ಮೊದಲು ಕೆಳಮನೆಗೆ ಇಳಿದೆ. ಅವಳು ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದಳು. ಕಾರ್ಡನ್ನು ಕೈಗೆ ಕೊಟ್ಟೆ. ಮೊಹರುಗಳ ನಡುವೆ ತನ್ನ ಅಕ್ಷರ ಹುಡುಕಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಇಷ್ಟೊಂದು ಹೊಡೆದು ಹಾಕಿದ್ದಾರಲ್ಲ ಅಕ್ಕ. ನನ್ನದು ಅಷ್ಟು ಕೆಟ್ಟದಾಗಿತ್ತಾ?”

“ಕೆಟ್ಟದಾಗಿದ್ರೆ ಮೂಲೆಯಲ್ಲಿ ಬಿದ್ದಿರ್ತಿತ್ತು. ಇಬ್ಬರು ಪೋಸ್ಟ್ ಮಾಸ್ಟರು ಹತ್ತು ದಿನ ಓದಿ ಓದಿ ಅತ್ಲಾಗೆ ಇತ್ಲಾಗೆ ಕಳಿಸಿದ್ದಾರೆ. ಒಂದು ಸಲಾನೂ ತಪ್ಪು ಓದಿಲ್ಲ.”

ಬೆರಳಿಟ್ಟು ಎಲ್ಲಕ್ಕಿಂತ ಅಡಿಯ ಮೊಹರು ತೋರಿಸಿದೆ. ಬಸ್ಸಿನಲ್ಲಿ ಕಂತೆ ಪೂರ್ತಿ ನೋಡಿದ್ದೆ. ಜಾಗ ಕೇಳಿದವರು ಮೂವರು. ಇವಳದೇ ಮೊದಲ ದಿನದ್ದು. ಜಾಗ ಅವಳದು ಎಂದೆ.

ಅವಳು ಕಾರ್ಡನ್ನು ಸೆರಗಿನಿಂದ ಒರೆಸಿದಳು, ಮೊಹರು ಹೋಗುತ್ತದೇನೋ ಎಂಬಂತೆ. “ಹಾಗಾದ್ರೆ ಕೋಳಿ ಕೆದಕಿದ್ದು ಯಾರು?”

“ನಾನೇ. ಮೂರು ವರ್ಷದ ಹಿಂದೆ.”

“ಛೆ ಛೆ, ಕಾರ್ಯದರ್ಶಿಯವರೇ,” ಎಂದು ನಕ್ಕಳು. ಆಮೇಲೆ ನನ್ನ ಹಿಂದೆಯೇ ಗದ್ದೆಯ ಬದು ಹತ್ತಿ ಬಂದು, ಜಗಲಿಯಲ್ಲಿದ್ದ ಸ್ಲೇಟು ತೆಗೆದುಕೊಂಡು ಹೋದಳು.

ರಾತ್ರಿ ಊಟಕ್ಕೆ ಕಡುಬು, ಹುರುಳಿ ಸಾರು, ಬೆಳಗ್ಗಿನ ಮಜ್ಜಿಗೆ. ಮುಂದಿನ ಸುತ್ತೋಲೆಯ ತಲೆಗೆ ಗಾಳಿಬೀಡು ಎಂದೇ ಕೊರೆಯುತ್ತೇನೆ, ಅರ್ಧ ಜನ ಮೂರ್ನಾಡಿಗೆ ಬರೆದರೆ ಬರೆಯಲಿ ಎಂದು ಉಣ್ಣುತ್ತಾ ಗೊಣಗಿದೆ. ಗಂಡ ಉಳಿದ ಲಕೋಟೆಗಳನ್ನು ದೀಪದ ಹತ್ತಿರ ಎಳೆದುಕೊಂಡು ‘ಕೊಡಗು ರಾಜ್ಯ’ ಹೊಡೆಯಲು ಕುಳಿತರು. ದಿನವೂ ಮೊದಲು ಮಲಗುವವರು ಅವರು. ಅಂದು ನಾನು.