ಅವ್ವ ಒರೆಸಿದ ಹೂದಾನಿಗಳು

ಶಹಾಬಾದಿನಲ್ಲಿ ಇರುವವರಿಗೆ ಯಾರೂ ಕಲಿಸದೆ ಬರುವ ಕೆಲಸವೆಂದರೆ ಒರೆಸುವುದು. ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ಯುವ ಮಷಿನ್ನುಗಳು ಬೆಳಗಾಗುತ್ತಲೇ ಶುರುವಾದರೆ ಮಧ್ಯಾಹ್ನದ ಹೊತ್ತಿಗೆ ಗಡಿಗೆ, ಗಡಿಯಾರ, ದೇವರ ಫೋಟೊ, ತೊಟ್ಟಿಲ ಕೂಸು ಎಲ್ಲದರ ಮೇಲೂ ಬೂದುಬಣ್ಣದ ತೆಳು ಪದರ ಕೂತಿರುತ್ತಿತ್ತು. ನಮ್ಮವ್ವನ ಹೆಗಲ ಮೇಲೆ ಸದಾ ಒಂದು ಹಸಿ ಅರಿವೆ. ಬಂದವರು ತುಸು ಹೆಚ್ಚು ಹೊತ್ತು ಕೂತರೆ ಅವರನ್ನೂ ಒರೆಸಿಬಿಡುತ್ತಾಳೇನೋ ಎಂದು ನನಗೆ ಹೆದರಿಕೆ.

ಇಂಥ ಊರಿನಲ್ಲಿ, ಎಪ್ಪತ್ತರ ದಶಕದಲ್ಲಿ, ನಾನು ಹೂದಾನಿ ಮಾಡುವ ಕೆಲಸ ಹಿಡಿದೆ. ಬೆಳಗಾವಿ ಕಡೆ ತರಬೇತಿ ಮುಗಿಸಿ ಬಂದು ಮನೆಯ ಹಿತ್ತಲಲ್ಲಿ ಕಲ್ಲಿದ್ದಲಿನ ಭಟ್ಟಿ ಕಟ್ಟಿದ್ದೆ. ಪಕ್ಕದ ವಾಡಿಯ ಸಿಮೆಂಟು ಕಾರ್ಖಾನೆಯ ಕೆಲಸಕ್ಕೆ ಸೇರು ಎಂದು ಮಾವಂದಿರೆಲ್ಲ ಹೇಳುತ್ತಿದ್ದರು. ನನಗೆ ಸ್ವಂತ ಕೆಲಸದ ಹುಚ್ಚು. ಭಟ್ಟಿಗೆ ಕಾಯಂ ಗಿರಾಕಿಯೊಬ್ಬ ಸಿಕ್ಕರೆ ಬದುಕಿದೆ, ಸಿಗದಿದ್ದರೆ ವಾಡಿಯ ಹಾದಿ ಹಿಡಿಯಬೇಕು. ಅಷ್ಟೇ ಲೆಕ್ಕ.

ನನ್ನದು ಸ್ಟೋನ್‌ವೇರ್. ಮಣ್ಣು ಕಲ್ಲಿನಷ್ಟು ಗಟ್ಟಿಯಾಗುವಂತೆ ಬಿರುಸು ಬೆಂಕಿಯಲ್ಲಿ ಸುಡಬೇಕು. ಅದರ ಹೊಳಪಿಗೆ, ಅಂದರೆ ಗ್ಲೇಜಿಗೆ, ನಾನು ತೊಗರಿ ಕಟ್ಟಿಗೆಯ ಬೂದಿ, ಪರ್ಸಿ ಕೊಯ್ದ ಕಲ್ಲಿನ ಹಿಟ್ಟು, ಒಂದಿಷ್ಟು ಜೇಡಿ ನೀರಿನಲ್ಲಿ ಕಲಸುತ್ತಿದ್ದೆ. ಹಸಿ ಇದ್ದಾಗಲೇ ಹೂದಾನಿಯ ಮೈಮೇಲೆ ಮುರುಕು ಹಣಿಗೆಯಿಂದ ಗೀರು ಎಳೆದು, ಒಮ್ಮೆ ಸುಟ್ಟು, ಆಮೇಲೆ ಈ ಕಲಕಿನಲ್ಲಿ ಅದ್ದಿ ತೆಗೆಯುವುದು. ಒಣಗಿದ ಮೇಲೆ ಮತ್ತೆ ಸುಟ್ಟರೆ ಅದು ಕರಗಿ, ಗೀರುಗಳಲ್ಲಿ ಹರಿದು, ಹಸಿರುಗಟ್ಟಿ ನಿಲ್ಲಬೇಕು. ಸುಡುವ ಮೊದಲು ಮಾತ್ರ ಥೇಟ್ ನಮ್ಮೂರಿನ ಧೂಳಿನ ಹಾಗೆ ಕಾಣುತ್ತದೆ. ನನ್ನ ಗುರುಗಳು ಇದನ್ನೊಂದು ತೊಂದರೆ ಎಂದು ಹೇಳಿರಲಿಲ್ಲ. ಅವರು ನಮ್ಮವ್ವನನ್ನು ನೋಡಿರಲಿಲ್ಲ.

ಒಂದು ದಿನ ಅದ್ದಿದ ಹೂದಾನಿಗಳನ್ನು ಪಡಸಾಲೆಯಲ್ಲಿ ಆರಲು ಇಟ್ಟು ಕಲ್ಲಿದ್ದಲು ತರಲು ಹೋದೆ. ಬಂದು ನೋಡಿದರೆ ಅವ್ವ ಕೊನೆಯ ಹೂದಾನಿಯನ್ನು ಒರೆಸಿ ಕೆಳಗಿಡುತ್ತಿದ್ದಳು.

‘ಎಷ್ಟ್ ಧೂಳ ಹಿಡಿಸಿದ್ದೆಪಾ ಇವಕ್ಕ. ಮಾಡೋದ್ ಮಾಡ್ತಿ, ಒರಸಲಿಕ್ಕ ಏನ್ ಧಾಡಿ ನಿನಗ?’

ಮೈ ಉರಿಯಿತು. ಆದರೆ ಕಲಕು ಖಾಲಿಯಾಗಿತ್ತು, ಕಲ್ಲಿದ್ದಲು ಅಂಗಳದಲ್ಲಿತ್ತು. ಹಾಳಾಗಿ ಹೋಗಲಿ ಎಂದು ಹಾಗೆಯೇ ಭಟ್ಟಿಗೆ ಹಾಕಿದೆ.

ತೆಗೆದಾಗ ನನ್ನ ತರಬೇತಿಗೆ ನಾಚಿಕೆಯಾಗುವಷ್ಟು ಚೆಂದ ಬಂದಿದ್ದವು. ಅರಿವೆ ತಿಕ್ಕಿದಲ್ಲಿ ಕಂದು ಮಣ್ಣು ಬರಿದಾಗಿ ಒರಟಾಗಿತ್ತು. ಗೀರಿನೊಳಗೆ ಉಳಿದ ಗ್ಲೇಜು ಹಸಿರಾಗಿ ಹನಿಗಟ್ಟಿತ್ತು. ಹೈದರಾಬಾದಿನ ಅಂಗಡಿಗಳಿಗೆ ಸಾಮಾನು ಕಳಿಸುವ ಗುಲಬರ್ಗಾದ ಸಾಹುಕಾರರೊಬ್ಬರು ಒಂದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು.

‘ಹ್ಯಾಂಗ್ ಮಾಡೀರಿ ಇದು?’

‘ಅದೊಂದು ಹಿಕ್ಮತ್ ಅದರಿ’ ಎಂದೆ, ಗುಟ್ಟು ಬಿಟ್ಟುಕೊಡದೆ.

‘ಹೇಳಬ್ಯಾಡ್ರಿ ಬಿಡ್ರಿ. ಹುಬೇಹುಬ್ ಹಿಂಗೇ ಇದ್ರ ತಿಂಗಳಾ ತಿಂಗಳಾ ಒಯ್ತೀನಿ.’

ಮುಂದಿನ ಸಲ ಬಾಗಿಲು ಹಾಕಿಕೊಂಡು ನಾನೇ ಒರೆಸಿದೆ. ಒಂದೂ ಸರಿ ಬರಲಿಲ್ಲ. ಎಲ್ಲಿ ತಿಕ್ಕಬೇಕು, ಎಲ್ಲಿ ಬಿಡಬೇಕು ಎಂದು ನನಗೆ ಗೊತ್ತಿತ್ತು, ಅದೇ ಕೆಟ್ಟದ್ದು. ಅವ್ವ ಒರೆಸುತ್ತಿದ್ದದ್ದು ಸಿಟ್ಟಿನಲ್ಲಿ. ಸಿಟ್ಟು ಇಳಿದಲ್ಲಿ ಅವಳ ಕೈ ನಿಲ್ಲುತ್ತಿತ್ತು.

ಹಾಗಾಗಿ ನಾನು ಸುಮ್ಮನೆ ಹೂದಾನಿಗಳನ್ನು ಅದ್ದಿ ಪಡಸಾಲೆಯಲ್ಲಿಟ್ಟು ಹೊರಗೆ ಹೋಗತೊಡಗಿದೆ. ಬರುವಷ್ಟರಲ್ಲಿ ಕೆಲಸ ಆಗಿರುತ್ತಿತ್ತು, ಜೊತೆಗೆ ಬೈಗುಳ. ಒರೆಸಿದವನ್ನು ಹಿತ್ತಲಿಗೆ ಒಯ್ದು, ಅದೇ ಜಾಗದಲ್ಲಿ ಹೊಸದಾಗಿ ಅದ್ದಿದವನ್ನು ಇಡುತ್ತಿದ್ದೆ. ಸಾಹುಕಾರರು ಮಾತಿನಂತೆ ಬಂದು ಒಯ್ದರು. ಮಗನ ಕಸುಬು ಕೈ ಹತ್ತಿತೆಂದು ಅವ್ವನಿಗೂ ಖುಷಿ. ಇಂಥ ಹೊಲಸು ಮನುಷ್ಯನಿಗೆ ಹೇಗೆ ಹತ್ತಿತು ಎಂಬುದೊಂದೇ ಅವಳಿಗೆ ತಿಳಿಯದು.

ಒಂದು ಸಂಜೆ ಬಂದಾಗ ಹೂದಾನಿಗಳು ಬೂದುಬಣ್ಣದಲ್ಲಿ ಹಾಗೆಯೇ ಇದ್ದವು. ಅವ್ವ ಅವುಗಳ ಮುಂದೆ ಅರಿವೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

‘ಮೈಯಾಗ ಆರಾಮಿಲ್ಲೇನವ್ವ?’

‘ಕೈಯಾಗ ಕಸುವು ಉಳಿದಿಲ್ಲಪಾ. ಮುಂಜಾನಿ ಒರಸ್ತೀನಿ, ಸಂಜಿಗಿ ಮತ್ತ ಹಂಗೇ ಕುಂತಿರ್ತಾವ. ಎಷ್ಟ್ ದಿನದಿಂದ ನೋಡ್ಲಿಕತ್ತೀನಿ. ಒಂದ್ ಗಡಿಗಿ ಹಸನ ಮಾಡಲಿಕ್ಕ ಆಗವಲ್ದು ನನಗ.’

ಅವಳು ಅಳುತ್ತಿರಲಿಲ್ಲ. ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಭಟ್ಟಿ ಇರಲಿ ಹೋಗಲಿ, ಇದನ್ನು ನೋಡಿಕೊಂಡು ಇರುವುದು ನನ್ನಿಂದ ಆಗುತ್ತಿರಲಿಲ್ಲ. ಎಲ್ಲವನ್ನೂ ಹೇಳಿದೆ. ಅದು ಧೂಳಲ್ಲ, ನಾನೇ ಹಚ್ಚಿದ್ದು, ದಿನವೂ ಬೇರೆ ಬೇರೆ ಹೂದಾನಿ, ನೀನು ಒರೆಸಿದ್ದಕ್ಕೇ ಸಾಹುಕಾರರು ಒಯ್ಯುತ್ತಾರೆ ಎಂದೆ.

ಅವ್ವ ಒಂದು ಹೂದಾನಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, ‘ಮೊದಲ ಹೇಳಿದ್ರ ಇನ್ನಾ ಛಲೋ ಒರಸ್ತಿದ್ದೆನಲ್ಲ’ ಎಂದಳು.

ಮರುದಿನ ತಲೆಸ್ನಾನ ಮಾಡಿ, ಹೊಸ ಅರಿವೆ ಹರಿದು, ಮಣೆಯ ಮೇಲೆ ಕೂತಳು. ದೇವರ ಸಾಮಾನು ತಿಕ್ಕುವಂತೆ ಒಂದೊಂದನ್ನೂ ಸಾವಕಾಶ, ಮೇಲಿಂದ ಕೆಳಗೆ, ಒಂದೇ ಸಮ ಒರೆಸಿದಳು. ಗೀರಿನೊಳಗಿನದನ್ನೂ ಸೆರಗಿನ ತುದಿ ಹಾಕಿ ತೆಗೆದಳು. ನಾನು ಕಂಬಕ್ಕೆ ಒರಗಿ ನೋಡುತ್ತ ನಿಂತಿದ್ದೆ. ಬೇಡ ಎನ್ನಲು ಬಾಯಿ ಬರಲಿಲ್ಲ. ಅಷ್ಟು ಹುರುಪಿನ ಅವ್ವನನ್ನು ಕಂಡು ಎಷ್ಟೋ ದಿನವಾಗಿತ್ತು.

ಭಟ್ಟಿಯಿಂದ ತೆಗೆದಾಗ ಎಲ್ಲವೂ ಒಂದೇ ಸಮ ಕಂದಾಗಿದ್ದವು, ಹಸಿರಿನ ಒಂದು ಹನಿಯೂ ಇರಲಿಲ್ಲ. ಸಾಹುಕಾರರು ಬಂದರು. ಒಂದು ಎತ್ತಿದರು, ಇಟ್ಟರು. ಇನ್ನೊಂದು ಎತ್ತಿದರು, ಇಟ್ಟರು.

‘ಯಾರ ಕೈದ್ರೀ ಇವು? ಮೊದಲಿನವ್ರು ಬಿಟ್ಟು ಹೋದ್ರೇನು?’

ಅವ್ವ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

‘ಕೈ ಅದೇ ರೀ, ಕೈದೇನೂ ತಪ್ಪಿಲ್ಲ. ಬೆಂಕಿ ಹಚ್ಚೋದು ನನಗ ಬರೋಬರಿ ಬರಂಗಿಲ್ಲ’ ಎಂದೆ.

ಬೆಂಕಿ ಹಚ್ಚಲು ಬಾರದವನ ಹತ್ತಿರ ಯಾವ ಸಾಹುಕಾರ ಮತ್ತೆ ಬಂದಾನು? ಅವರು ಚಹಾ ಕುಡಿದು, ನಮಸ್ಕಾರ ಹೇಳಿ, ಬರಿಗೈಯಲ್ಲಿ ಹೋದರು. ವಾಡಿಯ ಕೆಲಸಕ್ಕೆ ಇನ್ನೂ ಜಾಗ ಖಾಲಿ ಇದೆಯೋ ಇಲ್ಲವೋ ಎಂದು ಯೋಚಿಸುತ್ತ ನಾನು ಹೂದಾನಿಗಳನ್ನು ಒಳಗಿಡತೊಡಗಿದೆ. ಅವ್ವ ನನ್ನ ಕೈಯಿಂದ ಒಂದನ್ನು ಕಸಿದುಕೊಂಡು ಬೆಳಕಿಗೆ ಹಿಡಿದಳು.

‘ನೋಡು, ಎಷ್ಟ್ ಹಸನ ಒರಸಿ ಕೊಟ್ಟಿದ್ದೆ. ಎಲ್ಲಾ ಸುಟ್ಟ ಕೆಡಿಸಿದಿ.’